ಕಾಡಿಲ್ಲದವರ ಹಲಗೆ ವ್ಯಾಪಾರ

ತಿಪಟೂರಿನ ನಿವೃತ್ತ ಗಣಿತ ಮೇಷ್ಟ್ರೊಬ್ಬರ ಪತ್ರದ ಸಾರ ಇಷ್ಟು: ‘ಕಳೆದ ಸಂಚಿಕೆಯ ಲೇಖನವೊಂದರಲ್ಲಿ ಹದಿನೇಳನೆಯ ಶತಮಾನದ ಹಾಲೆಂಡ್ ಬೇರೆ ದೇಶಗಳಿಗೆ ಮರ ಮಾರುತ್ತಿತ್ತು ಎಂದು ಅಚ್ಚಾಗಿದೆ. ಹಾಲೆಂಡಿನಲ್ಲಿ ಕಾಡೆಲ್ಲಿದೆ ಸ್ವಾಮಿ? ಇದು ಮುದ್ರಣದೋಷವಿರಬೇಕು. ಯುರೋಪಿನ ಗಟ್ಟಿಮರದ ವ್ಯಾಪಾರವನ್ನು ದೇಶವಾರು, ಶತಮಾನವಾರು ಹೋಲಿಸುವ ಕೋಷ್ಟಕವೊಂದನ್ನು ನಾನೇ ಹಾಕಿ ಲಗತ್ತಿಸಿದ್ದೇನೆ. ನಿಮ್ಮ ಪತ್ರಿಕೆ ಕಥೆ ಹೇಳುವುದನ್ನು ಕಡಿಮೆ ಮಾಡಿ ಅಂಕಿ ಕೊಡಲಿ. ಉಳಿದದ್ದನ್ನು ಅಂಕಿಗಳೇ ಹೇಳುತ್ತವೆ.’

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕೋಷ್ಟಕ ನೋಡಿ ಕಚೇರಿಯವರೆಲ್ಲ ಎದ್ದು ಬಂದರು. ಗ್ರಾಫ್ ಹಾಳೆ, ಎರಡು ಬಣ್ಣದ ಶಾಯಿ, ಅಡ್ಡಗೆರೆಗೆ ಸ್ಕೇಲು. ನಮ್ಮ ಲೇಖಕರು ಇದರ ಅರ್ಧದಷ್ಟು ಶ್ರದ್ಧೆ ತೋರಿಸಿದ್ದರೆ ನನ್ನ ತಲೆ ಇಷ್ಟು ಬೇಗ ನೆರೆಯುತ್ತಿರಲಿಲ್ಲ. ನೆದರ್ಲೆಂಡ್ಸ್ ಎದುರಿನ ಚೌಕದಲ್ಲಿ ಕೆಂಪು ಪೆನ್ಸಿಲಿನಿಂದ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀರಿ. ಆ ಸಂಚಿಕೆಯಲ್ಲಿ ಮುದ್ರಣದೋಷಗಳು ಇದ್ದದ್ದು ನಿಜ; ಪದಬಂಧದ ಉತ್ತರ ತಲೆಕೆಳಗಾಗಿತ್ತು, ಒಬ್ಬ ಕವಿಯ ಹೆಸರಿನಿಂದ ಒಂದು ಅಕ್ಷರ ಬಿದ್ದು ಅವರು ಇನ್ನೂ ನನ್ನೊಂದಿಗೆ ಮಾತಾಡಿಲ್ಲ. ಆದರೆ ಹಾಲೆಂಡಿನ ವಿಷಯ ದೋಷವಲ್ಲ. ಕಾಡಿಲ್ಲದ ಆ ದೇಶ ಮರ ಮಾರಿತು. ಹೆಚ್ಚು ಲಾಭಕ್ಕೂ ಮಾರಿತು. ನಿಮ್ಮ ಪ್ರಶ್ನೆ ನನ್ನ ಹಳೆಯ ಹುಚ್ಚೊಂದನ್ನು ಕೆದಕಿದ್ದರಿಂದ ಈ ಉತ್ತರ ಉದ್ದವಾಗುತ್ತದೆ. ಸಹಿಸಿಕೊಳ್ಳಬೇಕು.

ಮೊದಲು ಒಂದು ಮಾತು ಬೇಗ ಮುಗಿಸುತ್ತೇನೆ. ಗಟ್ಟಿಮರ ಎಂದರೆ ವ್ಯಾಪಾರದ ಭಾಷೆಯಲ್ಲಿ ಅಗಲ ಎಲೆಯ ಮರ. ಯುರೋಪಿನಲ್ಲಿ ಮುಖ್ಯವಾಗಿ ಓಕ್, ಬೀಚ್, ಆ್ಯಶ್, ಅಕ್ರೋಟು. ಸೂಜಿ ಎಲೆಯ ಪೈನ್, ಫರ್ ಮೊದಲಾದವು ಮೆದುಮರ. ಗಟ್ಟಿತನಕ್ಕೂ ಈ ಹೆಸರಿಗೂ ಪೂರ್ತಿ ತಾಳೆಯಿಲ್ಲ. ಬೆರಳಿನಿಂದ ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಕೂಡ ಈ ಲೆಕ್ಕದಲ್ಲಿ ಗಟ್ಟಿಮರವೇ.

ಹಾಲೆಂಡಿಗೆ ಗಟ್ಟಿಮರ ಮುಖ್ಯವಾಗಿ ಎರಡು ದಾರಿಯಿಂದ ಬರುತ್ತಿತ್ತು. ಒಂದು, ಬಾಲ್ಟಿಕ್ ಸಮುದ್ರದಿಂದ ಹಡಗಿನಲ್ಲಿ. ಇನ್ನೊಂದು, ರೈನ್ ನದಿಯ ಮೇಲೆ ತೇಲಿಕೊಂಡು. ಜರ್ಮನಿಯ ‘ಕಪ್ಪು ಕಾಡು’ ಎಂಬ ಬೆಟ್ಟಸೀಮೆಯಲ್ಲಿ ಕಡಿದ ಮರಗಳನ್ನು ಸಣ್ಣ ಹೊಳೆಗಳಲ್ಲಿ ಇಳಿಸಿ, ರೈನ್ ಸೇರಿದ ಮೇಲೆ ಒಂದಕ್ಕೊಂದು ಕಟ್ಟಿ ದೈತ್ಯ ತೆಪ್ಪ ಮಾಡುತ್ತಿದ್ದರು. ದೊಡ್ಡ ತೆಪ್ಪಗಳು 300 ಮೀಟರ್ ಉದ್ದವನ್ನೂ ಮೀರುತ್ತಿದ್ದವು. ಮೇಲೆ ನೂರಾರು ಜನ ಹುಟ್ಟುಗಾರರು, ಅವರಿಗೆ ಗುಡಿಸಲು, ಅಡುಗೆ ಮನೆ, ಊಟಕ್ಕೆ ಜೀವಂತ ದನಗಳು! ಹಸಿ ಓಕ್ ನೀರಿನಲ್ಲಿ ಮುಳುಗುವಷ್ಟು ಭಾರ. ಅದನ್ನು ಹಗುರವಾದ ಫರ್ ದಿಮ್ಮಿಗಳ ನಡುವೆ ಬಿಗಿದು ತೇಲಿಸುತ್ತಿದ್ದರು. ಡೋರ್ಡ್ರೆಕ್ಟ್ ಎಂಬ ಊರಿನಲ್ಲಿ ತೆಪ್ಪ ಬಿಚ್ಚಿ ಮಾರಾಟ. ನೆರೆಮನೆಯ ಮದುವೆಯಲ್ಲಿ ಸಾಲಗಾರ ಬಂದು ಊಟ ಮಾಡಿಹೋದಂತೆ, ದಾರಿಯುದ್ದಕ್ಕೂ ಒಬ್ಬೊಬ್ಬ ಪಾಳೆಯಗಾರನೂ ಸುಂಕ ಕಿತ್ತುಕೊಂಡು ಬಿಡುತ್ತಿದ್ದ.

ಇಷ್ಟೆಲ್ಲ ದಾಟಿ ಬಂದ ದಿಮ್ಮಿಗೆ ಹಾಲೆಂಡ್ ಮಾಡಿದ್ದೇನು? ಕೊಯ್ದಿತು. ಕಾರ್ನೆಲಿಸ್ ಕಾರ್ನೆಲಿಸ್‌ಜೂನ್ ಎಂಬ ಉಯಿಟ್‌ಗೀಸ್ಟ್ ಊರಿನ ಮನುಷ್ಯ 1593ರಲ್ಲಿ ಗಾಳಿ ಗಿರಣಿಯಿಂದ ಗರಗಸ ಎಳೆಸುವ ವಿದ್ಯೆಗೆ ಸನ್ನದು ಪಡೆದ. ರೆಕ್ಕೆ ಸುತ್ತುತ್ತದೆ, ಬಾಗಿದ ದಂಡವೊಂದು ಆ ಸುತ್ತುವಿಕೆಯನ್ನು ಮೇಲೆ ಕೆಳಗೆ ಆಡುವ ಚಲನೆಯಾಗಿ ತಿರುಗಿಸುತ್ತದೆ, ಗರಗಸ ಕೊಯ್ಯುತ್ತದೆ. ಅಷ್ಟೇ. 60 ದಿಮ್ಮಿ ಕೊಯ್ಯಲು ಕೈಗರಗಸದವರಿಗೆ 120 ದಿನ ಹಿಡಿದರೆ ಗಿರಣಿಗೆ ನಾಲ್ಕೈದು ದಿನ ಸಾಕು ಎಂಬ ಲೆಕ್ಕವನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಝಾನ್ ನದಿಯ ದಂಡೆಯಲ್ಲಿ ಇಂಥ ಗಿರಣಿಗಳ ಸಾಲೇ ಎದ್ದಿತು. ಪಕ್ಕದಲ್ಲೇ ಹಡಗು ಕಟ್ಟುವ ಅಂಗಳಗಳು. ರಷ್ಯಾದ ಪೀಟರ್ ದೊರೆ 1697ರಲ್ಲಿ ವೇಷ ಮರೆಸಿಕೊಂಡು ಹಡಗು ಕಟ್ಟುವುದನ್ನು ಕಲಿಯಲು ಬಂದದ್ದು ಇಲ್ಲಿಗೇ. ಅಪಾರ ಕಾಡಿನ ಒಡೆಯ ಕಾಡೇ ಇಲ್ಲದವರ ಹತ್ತಿರ ಬಡಗಿ ಕೆಲಸ ಕಲಿಯಲು ಬಂದ. ಇದು ನಿಮ್ಮ ಕೋಷ್ಟಕದ ಯಾವ ಚೌಕದಲ್ಲಿ ಕೂರುತ್ತದೆ, ಮೇಷ್ಟ್ರೇ?

ನನ್ನ ಸೋದರಮಾವ ಸಾಗರದ ಬಳಿ ಸಾಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದರು. ರಜೆಯಲ್ಲಿ ಅಲ್ಲಿಗೆ ಹೋದರೆ ನನಗೆ ಹೊಟ್ಟಿನ ರಾಶಿಯ ಮೇಲೆ ಜಾರುವ ಆಟ. ದಿಮ್ಮಿ ಉರುಳಿ ಬಂದಾಗ ಮಾವ ಅದರ ಸುತ್ತ ಒಂದು ಸುತ್ತು ಹಾಕಿ, ಅಂಗೈಯಿಂದ ತಟ್ಟಿ, ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು: ಇಲ್ಲಿ ತೊಲೆ, ಇಲ್ಲಿ ಬಾಗಿಲು ಚೌಕಟ್ಟು, ಇಲ್ಲಿ ಪಕಾಸು, ಅಂಚಿನಲ್ಲಿ ರೀಪು. ಉಳಿದ ಚಕ್ಕೆ ಹೋಟೆಲಿನ ಒಲೆಗೆ, ಹೊಟ್ಟು ಬಚ್ಚಲ ಒಲೆಗೆ. ದಿಮ್ಮಿ ತಂದ ರೈತ ಗಾಡಿ ಬಾಡಿಗೆ ಕಳೆದು ಉಳಿದ ಹಣವನ್ನು ಮೂರು ಸಲ ಎಣಿಸುತ್ತಿದ್ದ. ಮಿಲ್ಲಿನ ಯಜಮಾನರು ಎಣಿಸಿದ್ದನ್ನು ನಾನು ನೋಡಲಿಲ್ಲ, ಅವರು ಎಣಿಸಲು ಗುಮಾಸ್ತರನ್ನು ಇಟ್ಟಿದ್ದರು. ಯುರೋಪಿನ ಮರದ ಚರಿತ್ರೆ ಎಂದು ಮುಂದೆ ನಾನು ಓದಿದ ಪುಟಗಳಲ್ಲೆಲ್ಲ ಆ ರೈತ, ಆ ಯಜಮಾನ ಮತ್ತೆ ಮತ್ತೆ ಎದುರಾದರು. ಹೆಸರು ಮಾತ್ರ ಬೇರೆ.

ಗರಗಸದ ಬೆಲೆ ಬಲ್ಲವರು ಅದನ್ನು ಸುಮ್ಮನೆ ಬಿಟ್ಟುಕೊಡಲೂ ಇಲ್ಲ. ಆಮ್‌ಸ್ಟರ್‌ಡಾಮಿನ ಕೈಗರಗಸದವರ ಸಂಘ ಗಿರಣಿಗಳನ್ನು ದಶಕಗಳ ಕಾಲ ಊರ ಹೊರಗೇ ನಿಲ್ಲಿಸಿತು. ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಬ್ಬ ವರ್ತಕ ಗಾಳಿ ಗಿರಣಿ ಹಾಕಿದ್ದಕ್ಕೆ 1768ರಲ್ಲಿ ನೂರಾರು ಗರಗಸದವರು ನುಗ್ಗಿ ಅದನ್ನು ಪುಡಿ ಮಾಡಿದರು. ಹಾಲೆಂಡಿನಲ್ಲಿ ಗಿರಣಿ ಹುಟ್ಟಿ ಆಗಲೇ 175 ವರ್ಷ! ಅದಕ್ಕೂ ನೂರು ವರ್ಷ ಮೊದಲು, 1662ರಲ್ಲಿ, ಇಂಗ್ಲೆಂಡ್ ಒಂದು ಕಾನೂನು ಮಾಡಿ ನೆದರ್ಲೆಂಡ್ಸ್ ಮತ್ತು ಜರ್ಮನಿಯಿಂದ ಫರ್ ಮರ, ಹಲಗೆ ತರಿಸುವುದನ್ನೇ ನಿಷೇಧಿಸಿತ್ತು. ಅದು ಮೆದುಮರದ ಮಾತು, ಒಪ್ಪುತ್ತೇನೆ. ಆದರೆ ಕಾಡಿಲ್ಲದ ದೇಶದ ಹಲಗೆಗೆ ಹೆದರಿ ಪಕ್ಕದ ದೇಶ ಶಾಸನ ಬರೆಯಬೇಕಾದರೆ ಆ ಹಲಗೆಯ ರಾಶಿ ಎಷ್ಟಿದ್ದಿರಬೇಕು, ನೀವೇ ಅಂದಾಜು ಮಾಡಿ.

ಈಗ ನಿಮ್ಮ ಅಂಕಿಗಳಿಗೆ ಬರುತ್ತೇನೆ. ‘ಡಾನ್‌ಝಿಗ್: ಓಕ್ ರಫ್ತು’ ಎಂದು ಒಂದು ಸಾಲು ಬರೆದಿದ್ದೀರಿ. ಇಂದಿನ ಪೋಲೆಂಡಿನ ಗ್ಡಾನ್ಸ್ಕ್ ಬಂದರು. ಆ ಬಂದರಿನಲ್ಲಿ ಒಂದಾದರೂ ಓಕ್ ಬೆಳೆದಿತ್ತೇ? ಮರ ನಿಂತಿದ್ದದ್ದು ವಿಸ್ಟುಲಾ ನದಿಯ ಮೇಲ್ಭಾಗದಲ್ಲಿ, ಪೋಲೆಂಡ್ ಮತ್ತು ಲಿಥುವೇನಿಯಾಗಳ ಒಳನಾಡಿನಲ್ಲಿ. ಅಲ್ಲಿನ ಜಮೀನುದಾರರು ಜೀತದಾಳುಗಳಿಂದ ಕಡಿಸಿ, ತೆಪ್ಪ ಕಟ್ಟಿಸಿ ಕಳಿಸುತ್ತಿದ್ದರು. ಬಂದರಿನ ವರ್ತಕರು ಒಳನಾಡಿನವರನ್ನೂ ಹೊರನಾಡಿನವರನ್ನೂ ನೇರವಾಗಿ ವ್ಯವಹರಿಸಲು ಬಿಡದೆ ನಡುವೆ ನಿಂತು ದಲ್ಲಾಳಿ ಉಣ್ಣುತ್ತಿದ್ದರು. ಹೀಗಾಗಿ ಪಶ್ಚಿಮದ ದಫ್ತರುಗಳಲ್ಲಿ ಆ ಮರಕ್ಕೆ ಬಂದರಿನ ಹೆಸರು ಮಾತ್ರ ಉಳಿಯಿತು. ಹುಟ್ಟಿದ ಊರಿನ ಹೆಸರು ಅಳಿಸಿಹೋಯಿತು.

ಎಷ್ಟು ಚೆನ್ನಾಗಿ ಅಳಿಸಿಹೋಯಿತು ಎಂಬುದಕ್ಕೆ ನನಗೆ ಅತ್ಯಂತ ಪ್ರಿಯವಾದ ಕಥೆಯೊಂದಿದೆ. ನಿಮಗೆ ಕಥೆ ಬೇಡವಾದರೂ ಹೇಳುತ್ತೇನೆ. ಫ್ಲಾಂಡರ್ಸ್ (ಇಂದಿನ ಬೆಲ್ಜಿಯಂ ಕಡೆಯ ಸೀಮೆ) ಮತ್ತು ಹಾಲೆಂಡಿನ ಹಳೆಯ ಕಲಾವಿದರು ಬಟ್ಟೆಗಿಂತ ಮೊದಲು ಓಕ್ ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದರು. ರೆಂಬ್ರಾಂಟ್‌ನ ಎಷ್ಟೋ ಚಿತ್ರಗಳು ಹಲಗೆಯ ಮೇಲಿವೆ. ಮರದ ವರ್ಷದ ಬಳೆಗಳನ್ನು ಅಳೆದು ಕಾಲ ನಿರ್ಣಯಿಸುವ ಹ್ಯಾಂಬರ್ಗಿನ ವಿಜ್ಞಾನಿಗಳು ಈ ಹಲಗೆಗಳ ಅಂಚಿನಲ್ಲಿ ಬಳೆ ಎಣಿಸಿ ಒಂದು ಸರಣಿ ಕಟ್ಟಿದರು. ಮಳೆ ಬಂದ ವರ್ಷ ಅಗಲ, ಬರದ ವರ್ಷ ಕಿರಿದು. ಒಂದು ಸೀಮೆಯ ಮರಗಳಲ್ಲಿ ಈ ಏರಿಳಿತ ಒಂದೇ ರೀತಿ ಇರುತ್ತದೆ. ಆದರೆ ಚಿತ್ರಗಳ ಸರಣಿ ಅವರಿಗೆ ಗೊತ್ತಿದ್ದ ಜರ್ಮನಿಯ ಮರಗಳೊಂದಿಗೆ ತಾಳೆಯಾಗಲಿಲ್ಲ. ಚಿತ್ರಕಾರರು ಇದ್ದದ್ದು ಈ ಕಡೆ ತಾನೇ, ಮರವೂ ಈ ಕಡೆಯದೇ ಎಂದುಕೊಂಡರು. ಕರಾವಳಿಯ ಹವೆ ಬೇರೆ, ಆದ್ದರಿಂದ ಬಳೆಯೂ ಬೇರೆ ಎಂದು ಸಮಾಧಾನ ಹೇಳಿಕೊಂಡರು. 1980ರ ದಶಕದಲ್ಲಿ ಗ್ಡಾನ್ಸ್ಕ್ ಸೀಮೆಯ ಹಳೆಯ ಮರಗಳ ಬಳೆ ಸರಣಿ ಸಿದ್ಧವಾದಾಗ ಎರಡೂ ಬೀಗಕ್ಕೆ ಕೀಲಿ ಕೂತಂತೆ ಕೂತವು. ಹಾಲೆಂಡಿನ ಕಲೆ ಎಂದು ಗೋಡೆ ಗೋಡೆಗಳಲ್ಲಿ ತೂಗುತ್ತಿದ್ದದ್ದು ಪೂರ್ವದ ಕಾಡು. ಸುಮಾರು 1650ರ ಹೊತ್ತಿಗೆ ಆ ಹಲಗೆಗಳು ಬರುವುದು ನಿಂತವು. ಬೆನ್ನಿಗೇ ಸ್ವೀಡನ್ ಪೋಲೆಂಡಿನ ಮೇಲೆ ಎರಗಿದ ಮಹಾಯುದ್ಧ. ಕಾಡು ಬರಿದಾದದ್ದೂ ಯುದ್ಧವೂ ಕೂಡಿ ಆ ದಾರಿಯನ್ನು ಮುಚ್ಚಿದವು. ಕಲಾವಿದರ ಸಹಿಯನ್ನು ಭೂತಕನ್ನಡಿಯಲ್ಲಿ ನೋಡುವ ಜನ ಮುನ್ನೂರು ವರ್ಷ ಆ ಹಲಗೆಯ ಬೆನ್ನು ತಿರುಗಿಸಿ ಎಲ್ಲಿಯವನಪ್ಪಾ ನೀನು ಎಂದು ಕೇಳಲಿಲ್ಲ. ದಫ್ತರಿನ ಅಂಕಿ ಹೇಳದಿದ್ದನ್ನು ಹಲಗೆ ಹೇಳಿತು, ಮೇಷ್ಟ್ರೇ.

ಅಂಕಿಗಳಿಗೆ ನಾನು ಶತ್ರುವಲ್ಲ. ಡೆನ್ಮಾರ್ಕಿನ ಹೆಲ್ಸಿಂಗೋರ್ ಜಲಸಂಧಿಯಲ್ಲಿ ದೊರೆಗಳು ಹಾದುಹೋಗುವ ಹಡಗುಗಳಿಂದ ವಸೂಲು ಮಾಡಿದ ಸುಂಕದ ಪುಸ್ತಕಗಳು 1497ರಿಂದ ಉಳಿದಿವೆ. 1857ರಲ್ಲಿ ಸುಂಕ ರದ್ದಾಗುವ ತನಕ ಸಾಗುತ್ತವೆ. ಇಂಥ ನಿಧಿ ನಮ್ಮ ಹೊನ್ನಾವರಕ್ಕೋ ಭಟ್ಕಳಕ್ಕೋ ಇದ್ದಿದ್ದರೆ ನಾನು ಸಂಪಾದಕ ಕೆಲಸ ಬಿಟ್ಟು ಅದರ ಮುಂದೆ ಚಾಪೆ ಹಾಸಿಕೊಳ್ಳುತ್ತಿದ್ದೆ. ಸರಕಿನ ಬೆಲೆಯ ಮೇಲೆ ಸುಂಕ. ಬೆಲೆಯನ್ನು ಹಡಗಿನ ನಾಯಕನೇ ಹೇಳಬೇಕು. ಕಡಿಮೆ ಹೇಳಿದರೆ? ನೀನು ಹೇಳಿದ ಬೆಲೆಗೇ ಸರಕನ್ನು ನಾನು ಕೊಂಡುಕೊಳ್ಳುತ್ತೇನೆ ಎನ್ನುವ ಹಕ್ಕನ್ನು ದೊರೆ ಇಟ್ಟುಕೊಂಡಿದ್ದ. ನಮ್ಮ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಈ ಒಂದು ನಿಯಮ ಬಂದರೆ ಕ್ರಯಪತ್ರ ಬರೆಯುವವರ ಕೈ ಹೇಗೆ ನಡುಗೀತು ಎಂದು ಕಲ್ಪಿಸಿಕೊಂಡು ನಾನು ಆಗಾಗ ಒಬ್ಬನೇ ನಗುತ್ತೇನೆ. ಆದರೂ ನೋಡಿ, ರೈನ್ ತೆಪ್ಪಗಳು ಆ ಜಲಸಂಧಿಯ ಹತ್ತಿರ ಸುಳಿಯಲೇ ಇಲ್ಲ. ಈ ಪುಸ್ತಕವೊಂದನ್ನೇ ನಂಬಿ ಬರೆದ ಕೋಷ್ಟಕದಲ್ಲಿ ಕಪ್ಪು ಕಾಡಿನ ಓಕ್ ಹುಟ್ಟಿಯೇ ಇಲ್ಲ.

ಅಳತೆಯ ಪಾಡು ಇನ್ನೊಂದು. ಬಾಲ್ಟಿಕ್‌ನಲ್ಲಿ ಹಲಗೆ ಎಣಿಸುವುದು ಅರವತ್ತರ ಕಟ್ಟಿನಲ್ಲಿ, ಲಂಡನ್ನಿನಲ್ಲಿ ‘ನೂರು’ ಎಂದರೆ 120. ಚೌಕ ಮಾಡಿದ ಮರಕ್ಕೆ 50 ಘನ ಅಡಿಯ ‘ಲೋಡು’. ಇವನ್ನೆಲ್ಲ ಒಂದೇ ಕಂಬಸಾಲಿನಲ್ಲಿ ಕೂಡಿಸುವುದೆಂದರೆ ಬಳ್ಳ, ಕೊಳಗ, ಲೀಟರುಗಳನ್ನು ಕೂಡಿಸಿದಂತೆ. 1736ರಲ್ಲಿ ಎಡ್ವರ್ಡ್ ಹಾಪಸ್ ಎಂಬ ಲಂಡನ್ನಿನ ಸರ್ವೇಯರ್ ದಿಮ್ಮಿ ಅಳೆಯುವ ಕೋಷ್ಟಕ ಪ್ರಕಟಿಸಿದ: ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ವರ್ಗ ಮಾಡು, ಉದ್ದದಿಂದ ಗುಣಿಸು. ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕೇ? ಹೀಗೆ ಲೆಕ್ಕ ಹಾಕಿದರೆ ದುಂಡು ಮರದ ನಿಜವಾದ ಘನಫಲದಲ್ಲಿ ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಮಾಯ. ಕೊಯ್ಯುವಾಗ ಹಾಳಾಗುವ ಚಕ್ಕೆ, ಹೊಟ್ಟಿನ ಬಾಬ್ತು ಎಂದು ಕೊಳ್ಳುವವನಿಗೆ ಮೊದಲೇ ಕೊಟ್ಟ ರಿಯಾಯಿತಿ. ಬ್ರಿಟಿಷರ ಅರಣ್ಯ ಇಲಾಖೆಯ ಜೊತೆ ಈ ನಾಲ್ಕನೇ ಒಂದು ಸುತ್ತಳತೆಯ ಲೆಕ್ಕ ನಮ್ಮ ಟಿಂಬರ್ ಡಿಪೋಗಳಿಗೂ ಬಂತು. ನನ್ನ ಮಾವನೂ ಅದರಲ್ಲೇ ಅಳೆಯುತ್ತಿದ್ದರು. ಮಾಯವಾದ ಆ ಪಾಲನ್ನೂ ಅವರ ಯಜಮಾನರು ಬಚ್ಚಲ ಒಲೆಗೆ ಮಾರಿಕೊಂಡರು ಎಂದು ಆಗಲೇ ಹೇಳಿದೆ. ಅಳತೆಕೋಲು ಮಾಡಿದವನು ಯಾವಾಗಲೂ ಕೊಳ್ಳುವವನ ಕಡೆಯವನು.

ಕಾಲದ ಮಾತೂ ಇದೆ. ಓಕ್ ಒಳ್ಳೆಯ ನಾಟಾ ಆಗಲು ನೂರೈವತ್ತು ವರ್ಷ ಬೇಕು. ಫ್ರಾನ್ಸಿನ ಮಂತ್ರಿ ಕೋಲ್ಬೆರ್ 1669ರಲ್ಲಿ ಅರಣ್ಯ ಶಾಸನ ಮಾಡಿದ್ದು ನೌಕಾದಳಕ್ಕಾಗಿ. ಅವನ ಕಾಲದಲ್ಲಿ ಜೋಪಾನ ಮಾಡಲಾರಂಭಿಸಿದ ತ್ರೋನ್ಸೆ ಕಾಡು ಇಂದು ಹೆಸರಾಗಿರುವುದು ದ್ರಾಕ್ಷಾರಸದ ಪೀಪಾಯಿಗೆ. ಸ್ವೀಡನ್ನಿನ ವಿಸಿಂಗ್‌ಸೋ ದ್ವೀಪದಲ್ಲಿ 1830ರ ದಶಕದಲ್ಲಿ ಯುದ್ಧನೌಕೆಗೆಂದು ಲಕ್ಷಾಂತರ ಓಕ್ ನೆಟ್ಟರು. ಮರ ಸಿದ್ಧವಾಗಿದೆ ಎಂದು ಅರಣ್ಯದವರು ನೌಕಾದಳಕ್ಕೆ ತಿಳಿಸಿದ್ದು 1975ರಲ್ಲಂತೆ. ನೌಕಾದಳ ಅಷ್ಟರಲ್ಲಿ ಉಕ್ಕಿಗೆ ಬದಲಾಗಿ ನೂರು ವರ್ಷ ಆಗಿತ್ತು. ಬಿತ್ತಿದವನ ಖರ್ಚು ಒಂದು ಶತಮಾನದ ಚೌಕದಲ್ಲಿ, ಕಡಿದವನ ಜಮೆ ಇನ್ನೊಂದರಲ್ಲಿ. ನಿಮ್ಮ ಕೋಷ್ಟಕ ಇವರಿಬ್ಬರಿಗೆ ಪರಿಚಯವನ್ನೇ ಮಾಡಿಸುವುದಿಲ್ಲ.

ಕಾಡಿನವರೇ ಗರಗಸ ಹಿಡಿದ ಉದಾಹರಣೆ ಇಲ್ಲವೇ ಎಂದು ಕೇಳಬಹುದು. ಇದೆ, ಹೇಳುವಾಗ ನನಗೆ ಎದೆ ಉಬ್ಬುತ್ತದೆ. ಮೈಕೆಲ್ ತೋನೆಟ್ ಎಂಬ ಬಡಗಿ ಬೀಚ್ ಮರವನ್ನು ಹಬೆಯಲ್ಲಿ ಬಾಗಿಸುವುದನ್ನು ಸಾಧಿಸಿದ ಮೇಲೆ ಕಾರ್ಖಾನೆಯನ್ನು ವಿಯೆನ್ನಾದಲ್ಲೇ ಇಟ್ಟುಕೊಳ್ಳದೆ 1850ರ ದಶಕದಲ್ಲಿ ಇಂದಿನ ಚೆಕ್ ದೇಶದ ಮೊರೇವಿಯಾ ಸೀಮೆಯ ಕೊರಿಚಾನಿ ಎಂಬಲ್ಲಿಗೆ, ಬೀಚ್ ಕಾಡಿನ ಪಕ್ಕಕ್ಕೆ ಒಯ್ದ. ಕೆಲಸಕ್ಕೆ ಸುತ್ತಲ ಹಳ್ಳಿಯವರು. 1859ರ ಅವನ 14ನೇ ನಂಬರಿನ ಕುರ್ಚಿಯಲ್ಲಿ ಆರೇ ಬಿಡಿ ಭಾಗಗಳು. ಬಿಚ್ಚಿ ಒತ್ತಾಗಿ ತುಂಬಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. ಅದೇ ಗಾತ್ರದ ಬೀಚ್ ದಿಮ್ಮಿಯನ್ನು ಹಾಗೆಯೇ ಮಾರಿದ್ದರೆ ಎಷ್ಟು ಬರುತ್ತಿತ್ತು? ಕೋಟಿಗಟ್ಟಲೆ ಕುರ್ಚಿಗಳು ಜಗತ್ತಿನ ಕಾಫಿ ಅಂಗಡಿಗಳಿಗೆ ಹೋದವು. ಅದರ ಮಾದರಿಯ ಕುರ್ಚಿಯಲ್ಲಿ ನೀವೂ ಎಲ್ಲಾದರೂ ಹಳೆಯ ಹೋಟೆಲಿನಲ್ಲಿ ಕೂತು ದೋಸೆ ತಿಂದಿರುತ್ತೀರಿ.

ನಮ್ಮ ಕಡೆಯೂ ಒಂದು ಕಾಲ ಹಾಗಿತ್ತು. 1807ರ ನಂತರ ನೆಪೋಲಿಯನ್ ಬಾಲ್ಟಿಕ್ ದಾರಿ ಅಡ್ಡಗಟ್ಟಿದಾಗ ಬ್ರಿಟಿಷ್ ನೌಕಾದಳ ಕೆನಡಾಕ್ಕೂ ಮಲಬಾರಿನ ತೇಗಕ್ಕೂ ಕೈ ಚಾಚಿತು. ಆದರೆ ತೇಗ ಆಗ ಬರೀ ದಿಮ್ಮಿಯಾಗಿ ಹೋಗಲಿಲ್ಲ. ಮುಂಬಯಿಯಲ್ಲಿ ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳು ಹಡಗು ಕಟ್ಟಿ ಕೊಟ್ಟರು. 1817ರ ಟ್ರಿಂಕೋಮಲಿ ಎಂಬ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಥೇಮ್ಸ್ ದಂಡೆಯ ಹಡಗು ಕಟ್ಟುವವರು ಭಾರತದ ಹಡಗು ನಮ್ಮ ಅನ್ನ ಕಸಿಯುತ್ತಿದೆ ಎಂದು ಬೊಬ್ಬೆ ಹಾಕಿದರು. ಮರ ಬಂದರೆ ಅವರಿಗೆ ಸಂತೋಷ, ಹಡಗು ಬಂದರೆ ಸಂಕಟ.

ಇಂದಿನ ಯುರೋಪಿಗೂ ಇದೇ ಜ್ವರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1961ರಿಂದ ವರ್ಷವಾರು ಅಂಕಿ ಇಟ್ಟಿದೆ, ನಿಮಗೆ ಹಬ್ಬ. ಆದರೆ ರಾಟರ್‌ಡಾಮ್ ಬಂದರಿನಲ್ಲಿ ಇಳಿದು ಮುಂದಕ್ಕೆ ಹೋಗುವ ಸರಕು ನೆದರ್ಲೆಂಡ್ಸ್ ಲೆಕ್ಕಕ್ಕೆ ಜಮೆಯಾಗುವ ದೋಷಕ್ಕೆ ಅರ್ಥಶಾಸ್ತ್ರಜ್ಞರೇ ‘ರಾಟರ್‌ಡಾಮ್ ಪರಿಣಾಮ’ ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಪ್ರಶ್ನಾರ್ಥಕ ಚಿಹ್ನೆಗೆ ನಾನೂರು ವರ್ಷದ ವಂಶಾವಳಿ ಇದೆ. ಫ್ರಾನ್ಸಿನ ಓಕ್ ದಿಮ್ಮಿಗಳು ಚೀನಾಕ್ಕೆ ಹೊರಟು ಸ್ಥಳೀಯ ಸಾಮಿಲ್ಲುಗಳು ಬಾಗಿಲು ಹಾಕುವಂತಾದಾಗ, ಸರ್ಕಾರಿ ಕಾಡಿನ ಓಕ್ ಕೊಂಡವರು ಅದನ್ನು ಯುರೋಪ್ ಒಕ್ಕೂಟದೊಳಗೇ ಕೊಯ್ಯಬೇಕೆಂಬ ಕರಾರು ಬಂತು. ಕ್ರೊಯೇಷಿಯಾ 2017ರಲ್ಲಿ ಕೀಟದ ಕಾರಣ ಕೊಟ್ಟು ಓಕ್ ದಿಮ್ಮಿಗಳ ರಫ್ತನ್ನು ತಡೆಯಿತು. ಕೀಟ ಇದ್ದದ್ದು ನಿಜ. ಅದು ಬಂದ ಮುಹೂರ್ತವೂ ಚೆನ್ನಾಗಿತ್ತು. ಉಕ್ರೇನ್ 2015ರಲ್ಲಿ ಕೊಯ್ಯದ ಮರದ ರಫ್ತಿಗೆ ಹತ್ತು ವರ್ಷದ ನಿಷೇಧ ಹಾಕಿದರೆ ಯುರೋಪ್ ಒಕ್ಕೂಟ ಪಂಚಾಯಿತಿಗೆ ಎಳೆಯಿತು. 2020ರ ಡಿಸೆಂಬರಿನಲ್ಲಿ ಪಂಚರು ಈ ನಿಷೇಧ ಇಬ್ಬರ ನಡುವಿನ ಒಪ್ಪಂದಕ್ಕೆ ವಿರುದ್ಧ ಎಂದರು. ಅಪರೂಪದ ಜಾತಿಗಳ ಮೇಲಿನ ಹಳೆಯ ನಿಷೇಧವನ್ನು ಮಾತ್ರ ಮನ್ನಿಸಿದರು. ತಮ್ಮ ಓಕ್ ಚೀನಾಕ್ಕೆ ಹೋಗಬಾರದು ಎಂದು ಕರಾರು ಬರೆದವರೇ ಉಕ್ರೇನಿನ ದಿಮ್ಮಿ ತಮಗೆ ಬರಲೇಬೇಕು ಎಂದು ದಾವೆ ಹೂಡಿದರು. ಸೊಸೆಗೊಂದು ನ್ಯಾಯ, ಮಗಳಿಗೊಂದು ನ್ಯಾಯ.

ನಿಷೇಧದಿಂದ ಮರ ಬೆಳೆದವನಿಗೆ ಬೆಲೆ ಇಳಿಯುತ್ತದೆ, ಕಳ್ಳಸಾಗಣೆ ಹೆಚ್ಚುತ್ತದೆ ಎಂದು ಮುಕ್ತ ವ್ಯಾಪಾರದವರು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಇರಲಿ.

ನನ್ನ ಹೊಟ್ಟೆಯುರಿ ಬೇರೆ. ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹರಾಜಾಗಿ ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಶುರುವಾಗಿ ಕೊಳ್ಳುವವರು ಇಲ್ಲದೆ ಗಂಧ ಗೋದಾಮಿನಲ್ಲಿ ಬಿತ್ತು. ಆಗ ತಾನೇ ನಮಗೆ ಬುದ್ಧಿ ಬಂದದ್ದು? 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ಬಟ್ಟಿ ಇಳಿಸುವುದು ಆರಂಭವಾಯಿತು. ಎರಡು ವರ್ಷದಲ್ಲಿ ಸಾಬೂನೂ ಬಂತು. ಶತ್ರುವಿನ ಯುದ್ಧ ಮಾಡಿದ ಉಪಕಾರ! ಇಂದು ಬಾಬಾಬುಡನ್‌ಗಿರಿಯ ಕಾಫಿ ಬೀಜ ಹಸಿಯಾಗಿ ಹಡಗೇರಿ ಇಟಲಿಯಲ್ಲಿ ಹುರಿಸಿಕೊಂಡು, ಚಿನ್ನದ ಬಣ್ಣದ ಡಬ್ಬಿಯಲ್ಲಿ ಮರಳಿ ಬಂದು ನಮ್ಮ ಅಂಗಡಿಗಳಲ್ಲಿ ಕೂರುತ್ತದೆ. ನಾವು ಇಟಲಿಯ ರುಚಿಯೇ ಬೇರೆ ಎನ್ನುತ್ತಾ ಕುಡಿಯುತ್ತೇವೆ.

ನಾನೂ ಬುದ್ಧಿವಂತನೇನಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಅಂಗಡಿಯೊಂದರಲ್ಲಿ ‘ಅಪ್ಪಟ ಯುರೋಪಿಯನ್ ಓಕ್’ ಎಂದು ಊಟದ ಮೇಜು ಕೊಂಡೆ. ಮೊದಲ ಮಳೆಗಾಲದಲ್ಲಿ ಮೂಲೆ ಎದ್ದುಕೊಂಡಿತು. ಕೆಳಗೆ ಒತ್ತಿ ಅಂಟಿಸಿದ ಮರದ ಹೊಟ್ಟು, ಮೇಲೆ ಓಕ್ ಗೆರೆಗಳ ಕಾಗದದ ಚಿತ್ರ. ಸಾಮಿಲ್ಲಿನ ಹೊಟ್ಟಿನ ರಾಶಿಯಲ್ಲಿ ಜಾರಿ ಬೆಳೆದವನಿಗೆ ಹೊಟ್ಟನ್ನೇ ಓಕ್ ಎಂದು ಮಾರಿದರು. ನನ್ನ ಹೆಂಡತಿ ಅದರ ಮೇಲೆ ಎಣ್ಣೆಬಟ್ಟೆ ಹಾಸಿ, ನಿಮ್ಮ ಮಾವ ಇದನ್ನು ಬಚ್ಚಲ ಒಲೆಗೆ ಕಳಿಸುತ್ತಿದ್ದರು ಎಂದಳು.

ನಿಮ್ಮ ಕೋಷ್ಟಕವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತಿದ್ದೇವೆ. ನಿಮ್ಮ ಅಂಕಿಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಕೊನೆಯಲ್ಲಿ ‘ಕೊಯ್ದವರು ಯಾರು’ ಎಂಬ ಒಂದು ಸಾಲನ್ನು ಮಾತ್ರ ಸೇರಿಸಿದ್ದೇನೆ; ಅದನ್ನು ತುಂಬಿಸುವ ಕೆಲಸ ನಿಮ್ಮದು, ಗ್ರಾಫ್ ಹಾಳೆಯ ಖರ್ಚು ಪತ್ರಿಕೆಯದು. ಮತ್ತೆ, ನೆದರ್ಲೆಂಡ್ಸ್ ಎದುರಿನ ಕೆಂಪು ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ ಡಾನ್‌ಝಿಗ್ ಎದುರಿಗೆ ಹಾಕಿದ್ದೇನೆ. ನಿಮ್ಮ ಅನುಮತಿ ಕೇಳಲಿಲ್ಲ, ಕ್ಷಮಿಸಿ.